ಸೊಟ್ಟ ಲೋಟ

ಮನೆಯಿಂದ, ಕಿಟಕಿ ಪಕ್ಕದ ಮೇಜು
ಮಾರ್ಚ್ 6, ಮಂಗಳವಾರ

ಪ್ರೀತಿಯ ತಂಗೀ,

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ಬರೆಯಬೇಕೆಂದು ನನಗೇನೂ ಆಸೆ ಇರಲಿಲ್ಲ. ನೀನು ಬರೆಸುತ್ತಿದ್ದೀಯ. ಫೋನ್ ಮಾಡಿದರೆ ನಿನ್ನ ಮಗ ಎತ್ತುತ್ತಾನೆ. "ಅಮ್ಮ ಮಲಗಿದ್ದಾರೆ ದೊಡ್ಡಮ್ಮ" ಅನ್ನುತ್ತಾನೆ. ಬೆಳಿಗ್ಗೆ ಮಾಡಿದರೂ ಮಲಗಿದ್ದೀಯ, ಮಧ್ಯಾಹ್ನ ಮಾಡಿದರೂ ಮಲಗಿದ್ದೀಯ, ಸಂಜೆ ಬೇಕೆಂದೇ ಮಾಡಿದೆ, ಆಗಲೂ ಮಲಗಿದ್ದೀಯ. ಯಾವ ಕುಂಭಕರ್ಣನ ಮನೆಗೆ ಹೋಗಿ ಸೇರಿಕೊಂಡಿದ್ದೀಯೋ ಗೊತ್ತಿಲ್ಲ. ಕೊನೆಗೆ ಪಾಪ, ಆ ಹುಡುಗನೇ ದನಿ ಇಳಿಸಿ, "ಒಂದು ಕಾಗದ ಬರೆದು ಹಾಕಿ ದೊಡ್ಡಮ್ಮ, ಕಾಗದ ಬಂದರೆ ಓದದೆ ಇರೋಕೆ ಅವರಿಗೆ ಆಗಲ್ಲ" ಅಂದ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಈ ಮನೆಯ ಕಾಗದ ಪತ್ರ ಎಲ್ಲ ಬರೆಯುತ್ತಿದ್ದವಳು ನೀನು. ನಾನು ಪಕ್ಕದಲ್ಲಿ ಕೂತು ಹೀಗೆ ಬರಿ, ಹಾಗೆ ಬರಿ ಅಂತ ಜೋರು ಮಾಡುತ್ತಿದ್ದೆ, ನೀನು ನಾನು ಹೇಳಿದ ಬೈಗುಳವನ್ನೆಲ್ಲ ಹೆಕ್ಕಿ ಆಚೆ ಹಾಕಿ "ಇಲ್ಲಿ ಎಲ್ಲರೂ ಕ್ಷೇಮ" ಅಂತ ಬರೆಯುತ್ತಿದ್ದೆ. ಈಗ ಹೆಕ್ಕುವವರು ಇಲ್ಲ. ಬಂದದ್ದನ್ನು ಬಂದ ಹಾಗೆ ಓದಿಕೋ. ಒತ್ತು ದೀರ್ಘ ತಪ್ಪಿದ್ದರೆ ನಗಬೇಡ, ನಗುವ ಮುಖ ಇದ್ದರೆ ಇಲ್ಲಿಗೆ ಬಂದು ನಗು.

ಆರೋಗ್ಯ ಹೇಗಿದೆ? ಕೇಳಬೇಕಲ್ಲ, ಕೇಳಿದ್ದೇನೆ. ಬಿ.ಪಿ. ಮಾತ್ರೆ ಸರಿಯಾಗಿ ನುಂಗುತ್ತಿದ್ದೀಯಾ? ಸೊಂಟ ನೋವು ಕಡಿಮೆಯಾಯಿತಾ? ಕೈ ಹೇಗಿದೆ ಅಂತ ಕೇಳುವುದಿಲ್ಲ, ಯಾಕೆಂದರೆ ನಿನ್ನ ಮಗ ಹೇಳಿಬಿಟ್ಟಿದ್ದಾನೆ. ಹಿಸುಕುವ ಚೆಂಡು ಮಂಚದ ಕೆಳಗೆ ಉರುಳಿ ಹೋಗಿದೆಯಂತೆ, ಅವನು ಬಗ್ಗಿ ತೆಗೆಯಲು ಹೋದರೆ "ಇರಲಿ ಬಿಡು, ಯಾರಿಗೆ ಬೇಕು" ಅಂದೆಯಂತೆ. ಊಟವನ್ನು ಅವನು ಚಮಚದಲ್ಲಿ ತಿನ್ನಿಸುತ್ತಾನಂತೆ. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತಿರುತ್ತೀಯಂತೆ. ಇದನ್ನು ಕೇಳಿ ನನಗೆ ಅಳು ಬಂತು ಅಂದುಕೊಂಡೆಯಾ? ಮೈಯೆಲ್ಲ ಉರಿದುಹೋಯಿತು. ಲಕ್ವ ಹೊಡೆದು ಆ ಕೈ ಗೋಡೆಗೆ ನೇತುಹಾಕಿದ ಪೊರಕೆಯ ಹಾಗೆ ನೇತಾಡುತ್ತಿದ್ದಾಗ ಅದಕ್ಕೆ ಜೀವ ತರಿಸಲು ನೀನೊಬ್ಬಳೇ ಕಷ್ಟಪಟ್ಟದ್ದಲ್ಲ. ಕೈಕಾಲಿಗೆ ವ್ಯಾಯಾಮ ಮಾಡಿಸುವ ಆ ಚಿಕಿತ್ಸೆಯ ಮನೆಗೆ ನಿನ್ನನ್ನು ಕರೆದುಕೊಂಡು ಹೋಗಿ ಬಂದು ನನ್ನ ಮಂಡಿಯೂ ಸವೆದಿದೆ. ಅಲ್ಲಿಯ ಆ ನರ್ಸ್, ನೀನು ಹವಾಲ್ದಾರ್ ಅಂತ ಹೆಸರಿಟ್ಟೆಯಲ್ಲ, ಅವಳ ಹತ್ತಿರ ನಿನ್ನಿಂದಾಗಿ ನಾನೂ ಬೈಸಿಕೊಂಡಿದ್ದೇನೆ. "ಬಿಟ್ಟರೆ ಮತ್ತೆ ಬಿಗಿಯುತ್ತೆ, ಆಮೇಲೆ ನನ್ನ ಹತ್ತಿರ ಬರಬೇಡಿ" ಅಂತ ಅವಳು ಗದರಿಸಿದ್ದು ಇಬ್ಬರಿಗೂ. ನಿನಗೆ ಅದು ಮರೆತುಹೋಗಿರಬಹುದು, ನನ್ನ ಕಿವಿಯಲ್ಲಿ ಇನ್ನೂ ಇದೆ.

ಈಗ ಕೌದಿಯ ವಿಷಯಕ್ಕೆ ಬರುತ್ತೇನೆ. ಮುಖ ಆ ಕಡೆ ತಿರುಗಿಸಬೇಡ, ಓದು. ಈ ಕೌದಿಯನ್ನು ಶುರು ಮಾಡಿದವಳು ನಾನಲ್ಲ, ಟೀಚರಮ್ಮನೂ ಅಲ್ಲ, ನೀನು. ಚಿಕಿತ್ಸೆಯ ಮನೆಯಲ್ಲಿ ಹಿಡಿದು ನಡೆಯುವ ಕಂಬಿ ಒಂದೇ ಇದೆ, ಕೈಕಾಲು ಬಿದ್ದವರೆಲ್ಲ ಸಾಲಾಗಿ ಕಾಯಬೇಕು, ನಾವೆಲ್ಲ ಸೇರಿ ಒಂದು ನೀಲಿ ಕೌದಿ ಮಾಡಿ ಹರಾಜಿಗೆ ಕೊಟ್ಟರೆ ಇನ್ನೊಂದು ಕಂಬಿ ಬರುತ್ತದೆ ಅಂದವಳು ನೀನು. ಆಗ ನಾನು, "ಬಟ್ಟೆಯನ್ನು ಬಣ್ಣಕ್ಕೆ ಅದ್ದಿ ಅದ್ದಿ ಕಾರ್ಖಾನೆಯಿಂದ ರಿಟೈರ್ ಆಗಿ ಈಗ ತಾನೇ ಉಗುರಿನ ಬಣ್ಣ ಹೋಗಿದೆ, ಮತ್ತೆ ನೀಲಿ ಮಾಡಿಸುತ್ತೀಯಾ" ಅಂತ ಕೂಗಾಡಿದೆ. ಕೂಗಾಡಿದ ಮಾರನೇ ದಿನವೇ ಹಿತ್ತಲಿಗೆ ಡ್ರಮ್ ತರಿಸಿದವಳೂ ನಾನೇ. ಕಳಿತ ಬಾಳೆಹಣ್ಣು, ಸುಣ್ಣ, ನೀಲಿ ಪುಡಿ ಹಾಕಿ ಕಂಬಳಿ ಸುತ್ತಿ, ಕೈಗೂಸಿನ ಹಾಗೆ ಹೊತ್ತು ಹೊತ್ತಿಗೆ ಹೋಗಿ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದೆ. ನೀನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೂಗು ಮುಚ್ಚಿಕೊಂಡು, "ನಿನ್ನ ಕೂಸು ಮತ್ತೆ ಕಕ್ಕ ಮಾಡಿದೆ ನೋಡು" ಅನ್ನುತ್ತಿದ್ದೆ. ಮೊದಲ ಬಟ್ಟೆ ಡ್ರಮ್ಮಿನಿಂದ ಹಸಿರಾಗಿ ಎದ್ದು ಬಂದು, ನೋಡನೋಡುತ್ತಾ ಗಾಳಿಗೆ ನೀಲಿಯಾದಾಗ ನೀನು ಚಪ್ಪಾಳೆ ತಟ್ಟಲು ಹೋದೆ, ಬಲಗೈ ಏಳಲಿಲ್ಲ, ಎಡಗೈಯಿಂದ ತೊಡೆಯ ಮೇಲೆ ತಟ್ಟಿದೆ. ಅದು ನನಗೆ ನೆನಪಿದೆ.

ಟೈಲರನ ಅಂಗಡಿಯ ಮೇಲಿನ ಕೋಣೆಯಲ್ಲಿ, ಆ ಕತ್ತರಿಸುವ ದೊಡ್ಡ ಮೇಜಿನ ಸುತ್ತ ಮೊದಲ ಸಲ ಎಲ್ಲರೂ ಕೂತಾಗ ಒಂದು ನಿಯಮ ಮಾಡಿದೆವಲ್ಲ, ಅದನ್ನು ಮಾಡಿದವಳು ನಾನು. ಒಬ್ಬೊಬ್ಬರದು ಒಂದು ಚೌಕ. ತನ್ನ ಕೈ ದಿನಾ ಮಾಡುವ ಕೆಲಸದ ಒಂದು ಸಾಮಾನನ್ನು ತಾನೇ ಬಿಡಿಸಿ, ತಾನೇ ದಾರದಿಂದ ಹೊಲಿದು ಬಿಗಿಯಬೇಕು, ಬಿಗಿದ ಕಡೆ ನೀಲಿ ಹತ್ತದೆ ಚಿತ್ರ ಬಿಳಿಯಾಗಿ ಉಳಿಯುತ್ತದೆ. ಒಬ್ಬರ ಚೌಕಕ್ಕೆ ಇನ್ನೊಬ್ಬರ ಸೂಜಿ ತಾಗಬಾರದು. ಅದ್ದುವ ಕೆಲಸ ಮಾತ್ರ ನನ್ನದು, ಯಾಕೆಂದರೆ ಹತ್ತು ಕೈ ಇಳಿದರೆ ಡ್ರಮ್ ಸತ್ತುಹೋಗುತ್ತದೆ. ಎಲ್ಲರೂ ಹೂಂ ಅಂದರು. ಟೀಚರಮ್ಮ ಎಲ್ಲರಿಗಿಂತ ಜೋರಾಗಿ ಹೂಂ ಅಂದಳು, ಇಷ್ಟು ವರ್ಷ ಮಕ್ಕಳ ಹತ್ತಿರ ಹೂಂ ಅನ್ನಿಸಿದ ಅಭ್ಯಾಸ. ಬೇಕರಿಯವಳು ಬನ್ನು ಮಾಡಿದಳು, ಟೈಲರ್ ಅಂಗಿ ಕಾಲರ್ ಮಾಡಿದ, ಟೀಚರಮ್ಮ ಗಂಟೆ ಮಾಡಿದಳು, ನಾನು ಕೆಟಲ್ ಮಾಡಿದೆ. ನೀನು ಲೋಟ ಮಾಡುತ್ತೇನೆ ಅಂದೆ, ಹಿಡಿ ಇರುವ ಲೋಟ. ಚಿಕಿತ್ಸೆಯ ಮನೆಯಲ್ಲಿ ಹವಾಲ್ದಾರ್ ನಿನ್ನ ಬಲಗೈಗೆ ಮೊದಲು ಕೊಟ್ಟ ಸಾಮಾನು ಅದು ತಾನೇ. ಎಷ್ಟು ಲೋಟ ಒಡೆದೆಯೋ, ಕೊನೆಗೆ ಅವಳು ಸ್ಟೀಲಿನದು ತಂದುಕೊಟ್ಟಳು.

ಆ ಲೋಟವನ್ನು ನೀನು ಬಲಗೈಯಿಂದಲೇ ಹೊಲಿಯುತ್ತೇನೆ ಅಂತ ಹಟ ಹಿಡಿದಾಗ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ನಾನು ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ನಿನಗಲ್ಲದೆ ಯಾರಿಗೆ ಗೊತ್ತು. ಸೂಜಿ ಬೀಳುತ್ತಿತ್ತು, ನೀನು ಹುಡುಕುತ್ತಿದ್ದೆ. ದಾರ ಗೋಜಲಾಗುತ್ತಿತ್ತು, ಬಿಚ್ಚುತ್ತಿದ್ದೆ. ಒಂದು ಹೊಲಿಗೆ ಅಕ್ಕಿಕಾಳಿನಷ್ಟು, ಪಕ್ಕದ್ದು ಹುಣಸೆ ಬೀಜದಷ್ಟು. ಚಳಿಗಾಲ ಮುಗಿಯುವವರೆಗೂ ಆ ಒಂದು ಚೌಕ ನಿನ್ನ ಮಡಿಲಲ್ಲೇ ಇತ್ತು. ಕೊನೆಗೆ ದಾರ ಎಳೆದು ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಬಿಗಿಯುವಾಗ ಮಾತ್ರ ನಿನ್ನ ಕೈಗೆ ಬಲ ಸಾಲಲಿಲ್ಲ, ಲೋಟದ ಹಿಡಿಯ ಹತ್ತಿರದ ಆ ಕೊನೆಯ ಗಂಟನ್ನು ನೀನು ಕೇಳಿದ್ದಕ್ಕೆ ನಾನು ಹಾಕಿದೆ. ನನ್ನ ಹಾಳು ಗಂಟು, ಯಾವಾಗಲೂ ದಪ್ಪ. ಅದ್ದಿ, ಒಣಗಿಸಿ, ದಾರ ಕತ್ತರಿಸಿ ಬಿಡಿಸಿದಾಗ ಹೊಲಿಗೆ ಇದ್ದ ಕಡೆಯೆಲ್ಲ ಬಿಳಿ ಚುಕ್ಕೆ ಎದ್ದವು. ಲೋಟ ಒಂದು ಕಡೆಗೆ ವಾಲಿಕೊಂಡಿತ್ತು, ತಳ ಅಲೆಅಲೆಯಾಗಿತ್ತು, ಹಿಡಿಯ ಹತ್ತಿರ ನನ್ನ ಗಂಟು ಕೂತಿದ್ದ ಕಡೆ ಕಡಲೆಕಾಳಿನಷ್ಟು ದೊಡ್ಡ ಬಿಳಿ ಕಲೆ. ನೀನು ಅದನ್ನು ಎತ್ತಿ ಹಿಡಿದು, "ಅಕ್ಕಾ, ಇದರಲ್ಲಿ ಚಹಾ ಹೊಯ್ದರೆ ನಾವು ಕುಡಿಯುವ ಮೊದಲೇ ನೆಲ ಕುಡಿಯುತ್ತೆ" ಅಂದೆ. ಇಬ್ಬರೂ ಹಿತ್ತಲಲ್ಲಿ ಬಿದ್ದು ಬಿದ್ದು ನಕ್ಕೆವು. ಆಚೆ ಮನೆಯವರು ಗೋಡೆ ಮೇಲಿಂದ ಇಣುಕಿ ನೋಡಿದರು. ಈಗ ಅವರೂ ಕೇಳುತ್ತಿದ್ದಾರೆ, "ನಿಮ್ಮ ತಂಗಿ ಎಲ್ಲಿ, ಕಾಣಿಸುತ್ತಿಲ್ಲ" ಅಂತ. ಏನು ಹೇಳಲಿ?

ಚೌಕಗಳನ್ನೆಲ್ಲ ಜೋಡಿಸಿದ ಕೌದಿಯನ್ನು ಹರಾಜಿನವರಿಗೆ ತೋರಿಸಿದ ಆ ಭಾನುವಾರ ನಾನು ಕೋಣೆಗೆ ತಡವಾಗಿ ಬಂದೆ. ಡ್ರಮ್ ಮುನಿಸಿಕೊಂಡಿತ್ತು, ಮೇಲಿನ ನೊರೆಯೆಲ್ಲ ಹೋಗಿ ನೀರು ಸಪ್ಪೆಯಾಗಿತ್ತು, ಅದಕ್ಕೆ ಬಾಳೆಹಣ್ಣು ತಿನ್ನಿಸಿ ಬರುವಷ್ಟರಲ್ಲಿ ಕೌದಿ ಮಡಿಸಿಟ್ಟಾಗಿತ್ತು, ನೀನು ಹೊರಟುಹೋಗಿದ್ದೆ. ಮನೆಗೆ ಬಂದು ನೋಡಿದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೀಯ. ಏನಾಯಿತೇ ಅಂದರೆ "ತಲೆನೋವು." ಬೆಳಿಗ್ಗೆ ನಿನ್ನ ಮಗನ ಕಾರು ಬಾಗಿಲಲ್ಲಿ. ಎಲ್ಲಿಗೆ ಅಂದರೆ "ಸ್ವಲ್ಪ ದಿನ ಇದ್ದು ಬರುತ್ತೇನೆ." ನಾನು ದಡ್ಡಿ, ನಂಬಿದೆ. ನಿನ್ನ ಶಾಲನ್ನೂ ಓಡಿ ಬಂದು ಕಾರಿನೊಳಗೆ ಹಾಕಿದೆ. ಶುಕ್ರವಾರ ಕೌದಿಗೆ ಅಂಚು ಕಟ್ಟಬೇಕೆಂದು ಟೈಲರನ ಕೋಣೆಗೆ ಹೋದೆ. ಮೇಜಿನ ಮೇಲೆ ಹರಡಿದ್ದರು. ಒಂದೊಂದೇ ಚೌಕ ನೋಡುತ್ತಾ ಬಂದೆ, ಬನ್ನು, ಕಾಲರ್, ಗಂಟೆ, ಕೆಟಲ್, ಲೋಟ. ಲೋಟದ ಹತ್ತಿರ ನಿಂತೆ. ನೆಟ್ಟಗೆ ನಿಂತ ಲೋಟ. ಅಂಗಡಿಯಲ್ಲಿ ಸಾಲಾಗಿ ಇಟ್ಟಿರುತ್ತಾರಲ್ಲ ಹಾಗೆ. ಚುಕ್ಕೆಗಳು ಅಳತೆಪಟ್ಟಿ ಇಟ್ಟು ಹಾಕಿದ ಹಾಗೆ. ಹಿಡಿಯ ಹತ್ತಿರ ನನ್ನ ಗಂಟಿನ ಕಲೆ ಇಲ್ಲ. "ಇದು ಯಾರ ಲೋಟ?" ಅಂದೆ. ಬೇಕರಿಯವಳು ನಗುತ್ತಾ, "ನಿಮ್ಮ ತಂಗಿಯದು ಅಲ್ವಾ ಅಮ್ಮ? ಭಾನುವಾರ ನಾವೆಲ್ಲ ಹೇಳಿದ್ವಿ ಅವರಿಗೆ, ಕೈ ಪೂರ್ತಿ ಸರಿಹೋಯ್ತಲ್ಲ, ಎಷ್ಟು ನೀಟಾಗಿ ಬಂದಿದೆ ಅಂತ. ಹರಾಜಿನವರೂ ಹೊಗಳಿದರು. ಪಾಪ, ಸಂಕೋಚಕ್ಕೆ ಸುಮ್ಮನೆ ನಕ್ಕು ಎದ್ದು ಹೋದರು" ಅಂದಳು. ಆ ಹುಡುಗಿಗೆ ಏನೂ ಗೊತ್ತಿಲ್ಲ, ಅವಳನ್ನು ಬೈಯಬೇಡ. ನಾನೂ ಬೈಯಲಿಲ್ಲ. ಅವಳ ಹಿಂದೆ ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ನಿಂತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ಅಲ್ಲಿಗೆ ನನಗೆ ಗೊತ್ತಾಯಿತು.

ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ. "ಅಕ್ಕಾ, ಕೋಪ ಮಾಡಿಕೊಳ್ಳಬೇಡಿ. ದೊಡ್ಡ ದೊಡ್ಡವರು ಬರುತ್ತಾರೆ ಹರಾಜಿಗೆ. ನಿಮ್ಮ ತಂಗಿಯ ಚೌಕದ ಮುಂದೆ ನಿಂತು ಯಾರಾದರೂ ಅಯ್ಯೋ ಪಾಪ ಅಂದರೆ ಅವರಿಗೆ ಎಷ್ಟು ನೋವಾಗಬೇಡ? ಅವರ ಮರ್ಯಾದೆಗೋಸ್ಕರ ಮಾಡಿದೆ." ಮರ್ಯಾದೆ! ಲೋಟ ಹಿಡಿಯಲಾಗದವರಿಗೋಸ್ಕರ ಮಾಡುವ ಕೌದಿಯಲ್ಲಿ ಲೋಟ ಸೊಟ್ಟಗಿರಬಾರದಂತೆ. ಹಾಗಾದರೆ ಚಿಕಿತ್ಸೆಯ ಮನೆಗೆ ಹೋಗಿ ಅಲ್ಲಿ ಕಾಲು ಎಳೆದುಕೊಂಡು ನಡೆಯುವವರನ್ನೆಲ್ಲ ಪರದೆಯ ಹಿಂದೆ ನಿಲ್ಲಿಸಿ, ನೆಟ್ಟಗೆ ನಡೆಯುವವರನ್ನು ಬಾಡಿಗೆಗೆ ತಂದು ಕಂಬಿಯ ಮೇಲೆ ಓಡಾಡಿಸು ಅಂದೆ. ಇನ್ನೂ ಏನೇನೋ ಅಂದೆ. ಅವಳ ಗಂಟೆಯ ಬಗ್ಗೆಯೂ ಅಂದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ನಿನ್ನ ಸೊಸೆ ಓದಬಹುದು. ಟೈಲರ್ ಕೊರಳಿಗೆ ಟೇಪು ನೇತುಹಾಕಿಕೊಂಡು ಯಾರ ಕಡೆಗೂ ನೋಡದೆ ಮೇಜಿನ ಅಂಚನ್ನು ಅಳೆಯುತ್ತಿದ್ದ. ಬೇಕರಿಯವಳು, "ಹೋಗ್ಲಿ ಬಿಡಿ ಅಮ್ಮ, ಒಳ್ಳೇ ಕೆಲಸಕ್ಕಲ್ವಾ" ಅಂದಳು. ಒಳ್ಳೇ ಕೆಲಸಕ್ಕೆ ಅಂದರೆ ಏನು ಬೇಕಾದರೂ ಮಾಡಬಹುದಾ? ಟೀಚರಮ್ಮ ಇನ್ನೂ ಏನೋ ಹೇಳಲು ಬಾಯಿ ತೆಗೆದಳು. ನಾನು ಕೇಳಲಿಲ್ಲ. ಕೌದಿಯನ್ನು ಎಳೆದು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದೆ. ಟೈಲರ್ ಹಿಂದೆಯೇ ಓಡಿ ಬಂದು, "ಅಮ್ಮಾ, ಅಂಚು ಕಟ್ಟಿಲ್ಲ, ಎಳೆ ಬಿಡುತ್ತೆ" ಅಂದ. "ಬಿಡಲಿ, ನನಗೂ ಬಿಡುತ್ತಿದೆ" ಅಂದೆ. ಬಸ್ಸಿನಲ್ಲಿ ಅದು ಒಂದು ಸೀಟು ಪೂರ್ತಿ ಹಿಡಿಯಿತು. ಕಂಡಕ್ಟರ್ "ಇವರಿಗೂ ಟಿಕೆಟ್ ತಗೊಳ್ಳಿ" ಅಂದ. ತಗೊಂಡೆ. ಅವನೇ ಹೆದರಿ ದುಡ್ಡು ವಾಪಸ್ ಕೊಟ್ಟ.

ಇಲ್ಲಿಯವರೆಗೆ ಅವರ ಮೇಲಿನ ಸಿಟ್ಟು. ಇನ್ನು ಮುಂದೆ ನಿನ್ನ ಮೇಲಿನದು, ಗಟ್ಟಿಯಾಗಿ ಕೂತುಕೋ. ಮೊನ್ನೆ ನಿನ್ನ ಮಗನ ಹತ್ತಿರ ಬಾಯಿ ಬಿಡಿಸಿದೆ. ಪಾಪ, ಹೇಳಲೋ ಬೇಡವೋ ಅಂತ ಹೇಳಿದ. "ಅಕ್ಕನಿಗೂ ಗೊತ್ತಿತ್ತು, ಅದ್ದಿದ್ದು ಅವಳ ಕೈಯೇ" ಅಂದೆಯಂತೆ. ಹೌದೇ, ಅದ್ದಿದ್ದು ನಾನೇ. ಆ ನೀಲಿ ನನ್ನ ಡ್ರಮ್ಮಿನದೇ, ಬೇರೆಲ್ಲಿ ಬರುತ್ತದೆ ಅಂಥ ನೀಲಿ. ಟೀಚರಮ್ಮ ಒಂದು ದಿನ ಬಂದು, "ಅಕ್ಕಾ, ಇದೊಂದು ಹೆಚ್ಚಿನದು ಮಾಡಿಟ್ಟಿದ್ದೇನೆ, ಯಾರದ್ದಾದರೂ ಹಾಳಾದರೆ ಇರಲಿ ಅಂತ" ಅಂತ ಬಿಗಿದು ಕಟ್ಟಿದ ಬಟ್ಟೆ ಕೊಟ್ಟಳು. ನಾನು ಅದ್ದಿದೆ. ಎಲ್ಲರದ್ದನ್ನೂ ಅದ್ದಿದ ಹಾಗೆ ಅದ್ದಿದೆ. ಹಗ್ಗದ ಮೇಲೆ ಒಣಗಲು ಹಾಕಿದ್ದಾಗ ನೀನೇ "ಇದು ಯಾರದು?" ಅಂತ ಕೇಳಿದೆ, ನಾನು "ಯಾರದ್ದೋ ಹೆಚ್ಚಿನದು" ಅಂದೆ. ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯ ತಾನೇ? ದಾರ ಎಳೆದು ಬಿಗಿದ ಬಟ್ಟೆ ಒಣಗಿದ ಹಾಗಲಕಾಯಿಯ ಹಾಗೆ ಇರುತ್ತದೆ, ಅದರೊಳಗೆ ಲೋಟ ಇದೆಯೋ ಲಾಟೀನು ಇದೆಯೋ ಬಿಚ್ಚುವ ತನಕ ಹೊಲಿದವರಿಗಲ್ಲದೆ ಬೇರೆಯವರಿಗೆ ಗೊತ್ತಾಗುತ್ತದಾ? ಇಡೀ ಚಳಿಗಾಲ ನನ್ನ ಪಕ್ಕದಲ್ಲಿ ಕೂತು ನೋಡಿದವಳು ನೀನು. ಬಿಚ್ಚುವ ಕೆಲಸ ನನ್ನದಲ್ಲ, ಹೊಲಿದವರದು, ಅದೂ ನಮ್ಮ ನಿಯಮವೇ. ಒಣಗಿದ ಮೇಲೆ ಬಿಚ್ಚದೆ ಹಾಗೆಯೇ ಅವಳ ಕೈಗೆ ಕೊಟ್ಟು ಕಳಿಸಿದೆ. ನನ್ನ ಕೈಯಿಂದಲೇ ನಿನ್ನ ಲೋಟದ ಕುತ್ತಿಗೆ ಹಿಸುಕಿಸಿದಳು, ಅದೂ ನನಗೆ ತಿಳಿಯದ ಹಾಗೆ. ಅವಳ ಮೇಲಿನ ನನ್ನ ಸಿಟ್ಟಿನಲ್ಲಿ ಅರ್ಧ ಅದಕ್ಕೇ.

ಆದರೆ ನಿನಗೆ ಅನುಮಾನ ಬಂದಿತ್ತಲ್ಲ, ಅವತ್ತು ನಾನು ಮನೆಗೆ ಬಂದಾಗ ಎದ್ದು ನಿಂತು ನನ್ನ ಮುಖಕ್ಕೆ ಕೇಳಬೇಕಿತ್ತು. "ಥೂ, ನೀನೂ ಸೇರಿಕೊಂಡೆಯಾ" ಅಂತ ಬೈಯಬೇಕಿತ್ತು. ತಟ್ಟೆ ಎತ್ತಿ ಒಗೆಯಬೇಕಿತ್ತು, ಎಡಗೈಯಲ್ಲಾದರೂ ಸರಿ. ನಾವು ಏನೇನಕ್ಕೆ ಜಗಳ ಆಡಿಲ್ಲ? ಕಿಟಕಿ ತೆರೆಯುವುದಕ್ಕೆ, ಫ್ಯಾನ್ ಹಾಕುವುದಕ್ಕೆ, ಚಹಾಕ್ಕೆ ಸಕ್ಕರೆ ಮೊದಲೋ ಹಾಲು ಮೊದಲೋ ಅನ್ನುವುದಕ್ಕೆ. ಯಾವ ಜಗಳ ಸಂಜೆಯವರೆಗೆ ಉಳಿದಿದೆ? ಜಗಳ ಆಡಬೇಕಾದ ಜಾಗದಲ್ಲಿ ತಲೆನೋವು ಅಂದೆಯಲ್ಲ, ಅದನ್ನು ನಾನು ಕ್ಷಮಿಸುವುದಿಲ್ಲ. ಹೊರಗಿನವರ ಹತ್ತಿರ ನಡೆದುಕೊಳ್ಳುವ ಹಾಗೆ ನನ್ನ ಹತ್ತಿರ ನಡೆದುಕೊಂಡೆ. ಕಾರು ಹತ್ತುವಾಗ "ಬರುತ್ತೇನೆ ಅಕ್ಕಾ" ಅಂತ ನಕ್ಕೆ ಬೇರೆ. ಭಾನುವಾರ ಬೇಕರಿಯವಳ ಮುಂದೆ ನಕ್ಕೆಯಂತಲ್ಲ, ಅದೇ ನಗು. ಅದನ್ನೇ ನನಗೂ ಕೊಟ್ಟೆಯಾ?

ಮತ್ತೆ ಆ ಚೆಂಡು. ಟೀಚರಮ್ಮ ನಿನ್ನ ಚೌಕ ತೆಗೆದಳು ಅಂತ ನೀನು ಕೈಯನ್ನೇ ತೆಗೆದಿಟ್ಟರೆ ಗೆದ್ದವರು ಯಾರು? ಸೊಟ್ಟ ಕೈ ಯಾರಿಗೂ ಬೇಡ ಅಂತ ಅವಳು ಹೇಳಿದಳು, ನೀನು ಹೌದು ಅಂತ ಸಹಿ ಹಾಕಿದ ಹಾಗಾಯಿತು. ಹವಾಲ್ದಾರ್ ನಿನ್ನೆ ದಾರಿಯಲ್ಲಿ ಸಿಕ್ಕಿದ್ದಳು, "ಎಲ್ಲಿ ನಿಮ್ಮ ತಂಗಿ, ಬರಲೇ ಇಲ್ಲವಲ್ಲ" ಅಂದಳು. ಮಗನ ಮನೆಗೆ ಹೋಗಿದ್ದಾಳೆ, ತುತ್ತು ತಿನ್ನಿಸಿಕೊಳ್ಳಲು, ಅಂದೆ. ಅವಳ ಮುಖ ನೋಡಬೇಕಿತ್ತು ನೀನು. "ತಿಂಗಳು ಬಿಟ್ಟರೆ ಬೆರಳು ಮಡಿಸಿಕೊಂಡು ಹಾಗೇ ಕೂತುಬಿಡುತ್ತೆ, ಹೇಳಿ ಅವರಿಗೆ" ಅಂದಳು. ಹೇಳಿದ್ದೇನೆ. ನಿನ್ನ ಮಗ ಒಳ್ಳೆಯವನು, ಅದೇ ತೊಂದರೆ. ಅವನು ಚಮಚ ಹಿಡಿದು ಬಂದಾಗಲೆಲ್ಲ ನಿನ್ನ ಕೈ ಒಂದಿಷ್ಟು ಸಾಯುತ್ತದೆ. ಅವನಿಗೆ ಅದು ತಿಳಿಯದು, ನಿನಗೆ ಚೆನ್ನಾಗಿ ತಿಳಿದಿದೆ.

ಕೌದಿ ಈಗ ನಿನ್ನ ಮಂಚದ ಮೇಲಿದೆ. ಇಡೀ ಕೋಣೆ ನೀಲಿ ವಾಸನೆ. ಮಡಿಸಿದರೆ ನಡುವೆ ಉಬ್ಬುತ್ತದೆ, ಟೀಚರಮ್ಮನ ಆ ಲೋಟದ ಹತ್ತಿರ, ಮಾಡಿದ ಮೋಸ ಸರಿಯಾಗಿ ಮಡಿಯುವುದೂ ಇಲ್ಲ ನೋಡು. ಅವಳು ದಿನಾ ಬಂದು ಬಾಗಿಲು ತಟ್ಟುತ್ತಾಳೆ. ನಾನು ತೆರೆಯುವುದಿಲ್ಲ. ನಿನ್ನೆ ಬಾಗಿಲಿನ ಆಚೆಯಿಂದಲೇ, "ಅಕ್ಕಾ, ಒಂದು ಮಾತು ಕೇಳಿ, ಅವರ ಚೌಕ ಎಲ್ಲೂ..." ಅಂತ ಶುರು ಮಾಡಿದಳು. ಎಲ್ಲೂ ಸಿಗುತ್ತಿಲ್ಲ ಅಂತ ತಾನೇ ಹೇಳುವುದು, ಕಸದ ಬುಟ್ಟಿಗೆ ಹಾಕಿದ್ದು ಎಲ್ಲಿಂದ ಸಿಗುತ್ತದೆ? ನಾನು ರೇಡಿಯೋ ಜೋರು ಮಾಡಿದೆ. ಯಾವನೋ ಹವಾಮಾನ ಓದುತ್ತಿದ್ದ, ಪೂರ್ತಿ ಕೇಳಿಸಿದೆ ಅವಳಿಗೆ. ಇಪ್ಪತ್ತೈದಕ್ಕೆ ಹರಾಜು. ಕೌದಿ ಕೊಡುವುದಿಲ್ಲ ಅಂತ ನಾನು ಹೇಳುವುದಿಲ್ಲ, ಕಂಬಿಗೋಸ್ಕರ ಕಾಯುತ್ತಿರುವವರು ನನಗೇನು ಮಾಡಿದ್ದಾರೆ? ಕೊಡುತ್ತೇನೆ. ಆದರೆ ಆ ನೆಟ್ಟಗಿನ ಲೋಟವನ್ನು ಕತ್ತರಿಸಿ ತೆಗೆದು, ತೂತಿನ ಸಮೇತ ಕೊಡುತ್ತೇನೆ. ದೊಡ್ಡ ದೊಡ್ಡವರು ಬಂದು ತೂತು ನೋಡಲಿ. ಯಾಕೆ ತೂತು ಅಂತ ಕೇಳಿದರೆ ನಾನು ಅಲ್ಲಿಯೇ ನಿಂತಿರುತ್ತೇನೆ, ಹೇಳುತ್ತೇನೆ. ಕತ್ತರಿ ತೆಗೆದು ಪಕ್ಕದಲ್ಲಿಯೇ ಇಟ್ಟುಕೊಂಡಿದ್ದೇನೆ, ಕಾಗದ ಮುಗಿಯಲಿ.

ಮುಗಿಯಿತು. ಕೈ ನೋಯುತ್ತಿದೆ, ನಿನಗೆ ಸೂಜಿ ಹಿಡಿದಾಗ ಎಷ್ಟು ನೋಯುತ್ತಿತ್ತೋ ಈಗ ಸ್ವಲ್ಪ ಗೊತ್ತಾಯಿತು. ನಿನ್ನ ಮಗನಿಗೆ ಆಶೀರ್ವಾದ, ಚಮಚ ಅಡಿಗೆಮನೆಯಲ್ಲಿ ಇಡಲು ಹೇಳು. ಸೊಸೆಗೆ ಆಶೀರ್ವಾದ, ಮಂಚದ ಕೆಳಗೆ ಗುಡಿಸುವಾಗ ಚೆಂಡು ಸಿಕ್ಕಿದರೆ ಅತ್ತೆಯ ಮಡಿಲಿಗೆ ಎಸೆಯಲು ಹೇಳು, ಮೆಲ್ಲಗೆ ಅಲ್ಲ. ನಿನಗೂ ಆಶೀರ್ವಾದ. ಸಿಟ್ಟು ಇದ್ದೇ ಇದೆ, ಆಶೀರ್ವಾದ ಬೇರೆ.

ಇಂತಿ,
ನಿನಗಿರುವ ಒಬ್ಬಳೇ ಅಕ್ಕ

ವಿ.ಸೂ.: ಚಪ್ಪಲಿ ಹಾಕಿಕೊಂಡು ಅಂಚೆಗೆ ಹೊರಟಿದ್ದೆ, ವಾಪಸ್ ಬಂದೆ. ಕತ್ತರಿಸುತ್ತೇನೆ ಅಂತ ಬರೆದು ಕತ್ತರಿಸದೆ ಕಳಿಸಿದರೆ ಸುಳ್ಳು ಬರೆದ ಹಾಗಾಗುತ್ತದೆ ಅಂತ ಮೊದಲು ಆ ಕೆಲಸ ಮುಗಿಸಲು ಕೂತೆ. ಚೌಕದ ಒಂದು ಬದಿಗೆ ಕತ್ತರಿ ಇಟ್ಟೆ. ಬಟ್ಟೆ ದಪ್ಪ, ಕತ್ತರಿ ಸಿಕ್ಕಿಕೊಂಡಿತು, ನಾನು ಹಲ್ಲು ಕಚ್ಚಿ ಒತ್ತಿದೆ, ಒಂದು ಬದಿ ಪೂರ್ತಿ ಕತ್ತರಿಸಿಹೋಯಿತು. ಆಮೇಲೆ ನೋಡಿದರೆ ಕತ್ತರಿಸಿದ ಅಂಚಿನಲ್ಲಿ ಒಂದು ನೀಲಿಯ ಕೆಳಗೆ ಇನ್ನೊಂದು ನೀಲಿ. ನಡುವೆ ತೆಳ್ಳಗಿನ ಬಿಳಿ ಬಟ್ಟೆ. ಕತ್ತರಿ ಬಿಸಾಕಿ ಸೂಜಿಯಿಂದ ಮೇಲಿನ ಚೌಕದ ಹೊಲಿಗೆ ಒಂದೊಂದೇ ಬಿಚ್ಚಿದೆ. ಕೆಳಗೆ ನಿನ್ನ ಲೋಟ ಇದೆ ಕಣೇ. ವಾಲಿಕೊಂಡು ಕೂತಿದೆ. ಹಿಡಿಯ ಹತ್ತಿರ ನನ್ನ ಗಂಟಿನ ಕಲೆ. ಟೀಚರಮ್ಮ ಅದನ್ನು ತೆಗೆದೇ ಇಲ್ಲ, ಅದರ ಮೇಲೆ ತನ್ನದನ್ನು ಹೊದಿಸಿದ್ದಾಳೆ. ಬಣ್ಣ ಉಜ್ಜಿಹೋಗದಿರಲಿ ಅಂತ ನಡುವೆ ಬಿಳಿ ಬಟ್ಟೆ ಇಟ್ಟಿದ್ದಾಳೆ, ಒಂದು ಹೊಲಿಗೆಯೂ ನಿನ್ನ ಲೋಟಕ್ಕೆ ತಾಗದ ಹಾಗೆ ಅಂಚಿಗೆ ಮಾತ್ರ ಹೊಲಿದಿದ್ದಾಳೆ. "ಎಲ್ಲೂ ಹೋಗಿಲ್ಲ" ಅಂತ ಹೇಳಲು ಬಂದಿದ್ದಳು ಅಂತ ಕಾಣುತ್ತದೆ, ನಾನು ಹವಾಮಾನ ಕೇಳಿಸಿದೆ. ಅವಳಿಗೆ ಬೈದದ್ದರಲ್ಲಿ ಅರ್ಧ ವಾಪಸ್ ತಗೊಂಡಿದ್ದೇನೆ, ಉಳಿದರ್ಧ ಹಾಗೇ ಇರಲಿ, ಮುಚ್ಚಿದ್ದು ಮುಚ್ಚಿದ್ದೇ. ಅವಳ ಲೋಟವನ್ನು ಅವಳಿಗೆ ಕೊಟ್ಟು ಬರುತ್ತೇನೆ, ನೆಟ್ಟಗಿದೆ, ಅವಳೇ ಅದರಲ್ಲಿ ಕುಡಿಯಲಿ. ಆದರೆ ನಾನು ಕತ್ತರಿಸಿದ ಬದಿ ನಿನ್ನ ಚೌಕದ್ದೂ ಹೋಗಿದೆ. ಲೋಟಕ್ಕೆ ಏನೂ ಆಗಿಲ್ಲ, ಬದಿ ಬಾಯಿ ತೆರೆದುಕೊಂಡು ಹತ್ತಿ ಕಾಣುತ್ತಿದೆ. ಟೈಲರ್ ಮೆಷಿನಿನಲ್ಲಿ ಒಂದು ನಿಮಿಷದಲ್ಲಿ ಹೊಡೆದುಕೊಡುತ್ತಾನೆ, ನಾನು ಕೊಡುವುದಿಲ್ಲ. ನಾನೂ ಹೊಲಿಯುವುದಿಲ್ಲ. ನಿಯಮ ನಿಯಮವೇ, ಅದು ನಿನ್ನ ಚೌಕ, ನಿನ್ನ ಸೂಜಿ, ಬಲಗೈ. ಹೊಲಿಯದಿದ್ದರೆ ಹರಾಜಿಗೆ ಬಾಯಿ ತೆರೆದುಕೊಂಡೇ ಹೋಗುತ್ತದೆ. ಉತ್ತರ ನೀನೇ ಬರೆಯಬೇಕು, ಮಗನ ಅಕ್ಷರ ಬಂದರೆ ಓದದೆ ಒಲೆಗೆ ಹಾಕುತ್ತೇನೆ. ಬರುತ್ತೇನೆ ಅಥವಾ ಬರುವುದಿಲ್ಲ, ಒಂದು ಪದ ಸಾಕು, ಸೊಟ್ಟಗಿದ್ದರೆ ನನ್ನದೂ ಹಾಗೇ ಇದೆ. ಇಪ್ಪತ್ತನೇ ತಾರೀಖಿನೊಳಗೆ ನನ್ನ ಕೈಗೆ ಸೇರಬೇಕು.